ಹಿಯರಿಂಗ್ ಏಡ್ ಫೋನಿಗೆ ಸೇರುತ್ತೆ, ಲ್ಯಾಪ್‌ಟಾಪಿಗೆ ಯಾಕೆ ಸೇರಲ್ಲ? (ಕಂಪ್ಯೂಟರ್, ಟಿವಿ, ಮನೆಯ ಉಳಿದ ಸಾಧನಗಳು)

ತುಮಕೂರು_ಸುಮಾ · #1

ಅಪ್ಪನ ಎರಡೂ ಕಿವಿಗೆ ಬ್ಲೂಟೂತ್ ಇರುವ ಹೊಸ ಮಷೀನು. ಆಂಡ್ರಾಯ್ಡ್ ಫೋನಿಗೆ ಸಲೀಸಾಗಿ ಸೇರಿವೆ, ಕಾಲ್ ನೇರ ಕಿವಿಗೇ ಬರುತ್ತೆ. ವಿಂಡೋಸ್ 10 ಲ್ಯಾಪ್‌ಟಾಪಿನ ಬ್ಲೂಟೂತ್ ಪಟ್ಟಿಯಲ್ಲೂ ಹೆಸರು ಕಾಣುತ್ತೆ, "ಪೇರ್ಡ್" ಅಂತಲೂ ತೋರಿಸುತ್ತೆ. ಆದರೆ ಸೌಂಡ್ ಔಟ್‌ಪುಟ್ ಪಟ್ಟಿಗೆ ಹೋದರೆ ಅದರ ಸುಳಿವೇ ಇಲ್ಲ. ಅಂಗಡಿಯವರು ಯುಎಸ್‌ಬಿಗೆ ಚುಚ್ಚುವ ಬ್ಲೂಟೂತ್ 5.3 ಡಾಂಗಲ್ ಹಾಕಿಸಿ ಅಂತಾರೆ. ಹಾಕಿಸಲಾ? ಜೊತೆಗೆ ಟಿವಿಗೂ ಸೇರಿಸಬೇಕು: ಡಿಶ್‌ನ ಸೆಟ್‌ಟಾಪ್ ಬಾಕ್ಸ್ ಇದೆ, ಟಿವಿ ಸುಮಾರು ಹಳೆಯದು.

ಕಿವಿಮಾತು · #2

ಡಾಂಗಲ್ ಸದ್ಯಕ್ಕೆ ಬೇಡ ಸುಮಾ ಅವರೇ. ಮೊದಲು ಮಷೀನು ಯಾವ ಬಗೆಯ ಬ್ಲೂಟೂತ್ ಬಳಸುತ್ತದೆ ಅನ್ನೋದು ಗೊತ್ತಾಗಬೇಕು. ಡಬ್ಬದ ಮೇಲಿನ ನೀಲಿ ಗುರುತಿನಿಂದ ಅದು ತಿಳಿಯುವುದಿಲ್ಲ. ಆ ಒಂದೇ ಗುರುತಿನ ಹಿಂದೆ ಒಂದಕ್ಕೊಂದು ಹೊಂದದ ನಾಲ್ಕು ದಾರಿಗಳಿವೆ.

ಮೊದಲನೆಯದು ಕ್ಲಾಸಿಕ್ ಬ್ಲೂಟೂತ್. ಮಾಮೂಲಿ ಹೆಡ್‌ಸೆಟ್ ಬಳಸುವುದೂ ಇದನ್ನೇ. ಇದರಲ್ಲಿ ಸಂಗೀತ ಕಳಿಸುವ ಕ್ರಮದ ಹೆಸರು ಎ2ಡಿಪಿ, ಕಾಲ್‌ನದು ಎಚ್‌ಎಫ್‌ಪಿ. 2018ರ ಮಾರ್ವೆಲ್ ಸರಣಿಯಿಂದ ಈಚೆಗೆ ಫೋನಾಕ್ ಎಂಬ ಹಿಯರಿಂಗ್ ಏಡ್ ಕಂಪನಿ ಹಿಡಿದ ದಾರಿ ಇದು. ಇಂಥವು ಹೆಚ್ಚುಕಡಿಮೆ ಯಾವ ಕಂಪ್ಯೂಟರಿಗಾದರೂ ಸೇರುತ್ತವೆ.

ಎರಡನೆಯದು ಎಂಎಫ್‌ಐ, ಅಂದರೆ ಆಪಲ್‌ನವರ "ಮೇಡ್ ಫಾರ್ ಐಫೋನ್". 2014ರಲ್ಲಿ ರೀಸೌಂಡ್ ಕಂಪನಿಯ ಲಿಂಕ್ಸ್ ಮಷೀನಿನೊಂದಿಗೆ ಮಾರುಕಟ್ಟೆಗೆ ಬಂತು. ಐಫೋನ್, ಐಪ್ಯಾಡ್, ಕೆಲವು ಮ್ಯಾಕ್‌ಗಳಿಗೆ ಮಾತ್ರ. ಮೂರನೆಯದು ಆಶಾ, ಅಂದರೆ "ಆಡಿಯೋ ಸ್ಟ್ರೀಮಿಂಗ್ ಫಾರ್ ಹಿಯರಿಂಗ್ ಏಡ್ಸ್": ಇದು ಆಂಡ್ರಾಯ್ಡ್‌ನದು, ಆಂಡ್ರಾಯ್ಡ್ 10ರಿಂದ ಇದೆ. ಕಡಿಮೆ ವಿದ್ಯುತ್ ಬ್ಲೂಟೂತ್ ಮೇಲೆ 16 ಕಿಲೋಹರ್ಟ್ಸ್ ಸ್ಯಾಂಪ್ಲಿಂಗ್‌ನ (ಸೆಕೆಂಡಿಗೆ ಅಷ್ಟು ಸಾವಿರ ಸಲ ಅಳೆದು ಕಳಿಸುವ) ಧ್ವನಿ ಬರುತ್ತದೆ, ಅದೂ ಒಂದೇ ದಿಕ್ಕಿಗೆ. ಅದಕ್ಕೇ ಆಶಾದಲ್ಲಿ ಕಾಲ್ ಮಾಡುವಾಗ ಮಾತಾಡುವ ಮೈಕು ಫೋನಿನದೇ. ಎಂಎಫ್‌ಐ, ಆಶಾ ಎರಡೂ ಇರುವ ಮಷೀನುಗಳು ಬಹಳ ಇವೆ.

ನಾಲ್ಕನೆಯದು ಹೊಸ ಎಲ್‌ಇ ಆಡಿಯೋ. ಬ್ಲೂಟೂತ್ 5.2ರ ಮೇಲೆ ಕಟ್ಟಿದ್ದು, ಕೋಡೆಕ್ (ಧ್ವನಿಯನ್ನು ಕುಗ್ಗಿಸಿ ಕಳಿಸುವ ಬಗೆ) ಎಲ್‌ಸಿ3. ರೀಸೌಂಡ್ ನೆಕ್ಸಿಯಾ, ಓಟಿಕಾನ್ ಇಂಟೆಂಟ್ ಮುಂತಾದ ಈಚಿನ ಮಾದರಿಗಳಲ್ಲಿದೆ. ಆರಾಕಾಸ್ಟ್ ಅನ್ನುವ ಪ್ರಸಾರ ವ್ಯವಸ್ಥೆಯೂ ಇದರ ಭಾಗವೇ.

ನಿಮ್ಮ ಲ್ಯಾಪ್‌ಟಾಪಿನ ವಿಷಯಕ್ಕೆ ಬರೋಣ. "ಪೇರ್ಡ್" ಅಂತ ಬಂದು ಔಟ್‌ಪುಟ್ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬಹುಮಟ್ಟಿಗೆ ಅದು ಆಶಾ ಅಥವಾ ಎಂಎಫ್‌ಐ ಮಷೀನು. ಆ್ಯಪಿನಿಂದ ವಾಲ್ಯೂಮ್ ಬದಲಿಸಲು, ಬ್ಯಾಟರಿ ನೋಡಲು ಇರುವ ನಿಯಂತ್ರಣದ ಕೊಂಡಿಯನ್ನು ವಿಂಡೋಸ್ ಹಿಡಿದುಕೊಂಡಿದೆ. ಧ್ವನಿ ಆ ಕೊಂಡಿಯಲ್ಲಿ ಬರುವುದಿಲ್ಲ. ವಿಂಡೋಸ್‌ನ ಯಾವ ಆವೃತ್ತಿಗೂ ಆಶಾ, ಎಂಎಫ್‌ಐ ಬರುವುದಿಲ್ಲ, ಡಾಂಗಲ್ ಎಷ್ಟರದ್ದಾದರೂ ಅಷ್ಟೇ.

ಉಡುಪಿ_ರಾವ್ · #3

ಮಷೀನಿನ ಮೇಲೆ ಇದ್ಯಾವುದನ್ನೂ ಬರೆದಿರುವುದಿಲ್ಲವಲ್ಲ ಮಾರಾಯ್ರೆ. ಮನೆಯಲ್ಲೇ ಪತ್ತೆ ಹಚ್ಚುವುದು ಹೇಗೆ?

ಕಿವಿಮಾತು · #4

ಆಂಡ್ರಾಯ್ಡ್ ಫೋನಿನ ಬ್ಲೂಟೂತ್ ಪುಟದಲ್ಲಿ ಮಷೀನಿನ ಹೆಸರಿನ ಪಕ್ಕದ ಹಲ್ಲುಚಕ್ರ ಒತ್ತಿ. ಅಲ್ಲಿ "ಫೋನ್ ಕಾಲ್ಸ್", "ಮೀಡಿಯಾ ಆಡಿಯೋ" ಎಂಬ ಎರಡು ಸ್ವಿಚ್ ಇದ್ದರೆ ಕ್ಲಾಸಿಕ್. "ಹಿಯರಿಂಗ್ ಏಡ್ಸ್" ಎಂಬ ಸ್ವಿಚ್ ಇದ್ದರೆ ಆಶಾ. "ಎಲ್‌ಇ ಆಡಿಯೋ" ಅಂತಿದ್ದರೆ ಅದೇ. ಐಫೋನಿನಲ್ಲಿ ಸೆಟ್ಟಿಂಗ್ಸ್ – ಆಕ್ಸೆಸಿಬಿಲಿಟಿ – ಹಿಯರಿಂಗ್ ಡಿವೈಸಸ್ ಪುಟದಲ್ಲಿ ಸೇರಿ ಧ್ವನಿಯೂ ಬಂದರೆ ಎಂಎಫ್‌ಐ. ಮಾಮೂಲಿ ಬ್ಲೂಟೂತ್ ಪುಟದಿಂದಲೇ ಪೇರ್ ಆಗಿ ಹಾಡು ಕೇಳಿಸಿದರೆ ಕ್ಲಾಸಿಕ್.

ಫೋನಾಕ್‌ನಲ್ಲಿ ಒಂದೇ ಮಷೀನಿಗೆ ಪಟ್ಟಿಯಲ್ಲಿ ಒಂದಕ್ಕಿಂತ ಹೆಚ್ಚು ಹೆಸರು ಕಾಣುವುದುಂಟು. ಒಂದು ಧ್ವನಿಗೆ, ಉಳಿದದ್ದು ಆ್ಯಪಿಗೆ. ಪೇರ್ ಮಾಡಿದ ಮೇಲೆ ಕಂಪ್ಯೂಟರ್ ಅದನ್ನು ಹೆಡ್‌ಸೆಟ್ ಎಂದು ತೋರಿಸದಿದ್ದರೆ ಅಳಿಸಿ ಇನ್ನೊಂದು ಹೆಸರಿಗೆ ಪ್ರಯತ್ನಿಸಿ.

ಕಿಟಕಿ11 · #5

ಕ್ಲಾಸಿಕ್ ಮಷೀನು ಇರುವವರಿಗೆ ವಿಂಡೋಸ್ ಕ್ರಮ ಹೇಳ್ತೀನಿ. ಸೇರಿಸುವುದು ಸುಲಭ, ತಲೆನೋವು ಶುರುವಾಗೋದು ಆಮೇಲೆ.

ಮಷೀನು ಆಫ್ ಮಾಡಿ ಮತ್ತೆ ಹಚ್ಚಿ. ಸೆಲ್ ಹಾಕುವ ಮಾದರಿಯಾದರೆ ಬ್ಯಾಟರಿ ಬಾಗಿಲು ತೆಗೆದು ಮುಚ್ಚಿ. ಚಾರ್ಜ್ ಆಗುವ ಫೋನಾಕ್ ಮಾದರಿಯಾದರೆ ಗುಂಡಿಯ ಕೆಳತುದಿಯನ್ನು ಕೆಂಪು ದೀಪ ಬರುವವರೆಗೆ ಒತ್ತಿ ಹಿಡಿಯಿರಿ, ಆಮೇಲೆ ಹಸಿರು ಬರುವವರೆಗೆ ಒತ್ತಿ. ಫೋನಾಕ್ ಆದರೆ ಹಚ್ಚಿದ ಮೇಲೆ 3 ನಿಮಿಷ ಪೇರಿಂಗ್‌ಗೆ ತೆರೆದಿರುತ್ತದೆ. ಅಷ್ಟರೊಳಗೆ ಸೆಟ್ಟಿಂಗ್ಸ್ – ಬ್ಲೂಟೂತ್ ಅಂಡ್ ಡಿವೈಸಸ್ – ಆ್ಯಡ್ ಡಿವೈಸ್. ಆ ಹೊತ್ತಿಗೆ ಫೋನಿನ ಬ್ಲೂಟೂತ್ ಆಫ್ ಮಾಡಿಡಿ. ಇಲ್ಲದಿದ್ದರೆ ಮಷೀನು ಹಚ್ಚಿದ ತಕ್ಷಣ ಫೋನು ಎಳೆದುಕೊಳ್ಳುತ್ತದೆ.

ಈಗ ತಲೆನೋವು. ಯೂಟ್ಯೂಬ್ ಚೆನ್ನಾಗಿ ಕೇಳುತ್ತೆ, ಮೀಟಿಂಗಿಗೆ ಸೇರಿದ ಕೂಡಲೇ ಧ್ವನಿ ಹಳೇ ಲ್ಯಾಂಡ್‌ಲೈನ್ ಥರ ಆಗುತ್ತೆ. ಕಾರಣ ಹೀಗೆ: ಮೀಟಿಂಗ್ ಆ್ಯಪ್ ಮಷೀನಿನ ಮೈಕನ್ನು ತೆರೆದಾಗ ವಿಂಡೋಸ್ ಎ2ಡಿಪಿ ಬಿಟ್ಟು ಎಚ್‌ಎಫ್‌ಪಿಗೆ ಇಳಿಯುತ್ತದೆ. ಅಲ್ಲಿ ಸ್ಯಾಂಪ್ಲಿಂಗ್ 8 ಕಿಲೋಹರ್ಟ್ಸ್, ಹೆಚ್ಚೆಂದರೆ 16. ಸ್ಟೀರಿಯೋ ಇಲ್ಲ. 8ರಲ್ಲಿ 4 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದು ಬರುವುದೇ ಇಲ್ಲ, ಅಂದರೆ "ಸ", "ಶ" ಗುರುತಿಸಲು ಬೇಕಾದ ಭಾಗವೇ ಕತ್ತರಿಸಿ ಹೋಗಿರುತ್ತದೆ. ಕಿವಿ ಮಂದ ಇರುವವರಿಗೆ ಈ ನಷ್ಟ ಉಳಿದವರಿಗಿಂತ ಹೆಚ್ಚು.

ಪರಿಹಾರ: ಮೀಟಿಂಗ್ ಆ್ಯಪಿನೊಳಗೇ ಸ್ಪೀಕರ್ ಎಂದು ಹಿಯರಿಂಗ್ ಏಡನ್ನೂ ಮೈಕು ಎಂದು ಲ್ಯಾಪ್‌ಟಾಪಿನದನ್ನೂ ಆರಿಸಿ. "ಡೀಫಾಲ್ಟ್" ಅಂತ ಬಿಡಬೇಡಿ. ವಿಂಡೋಸ್ 10ರಲ್ಲಿ ಔಟ್‌ಪುಟ್ ಹೆಸರು ಎರಡಿರುತ್ತವೆ, "ಸ್ಟೀರಿಯೋ" ಇರುವುದನ್ನು ಆರಿಸಿ, "ಹ್ಯಾಂಡ್ಸ್-ಫ್ರೀ" ಬಿಡಿ. ಆದರೂ ಆ್ಯಪ್ ಹಠ ಮಾಡಿದರೆ ವಿಂಡೋಸ್ ಗುಂಡಿ ಮತ್ತು ಆರ್ ಒತ್ತಿ, ಬಂದ ಚೌಕದಲ್ಲಿ ಎಂ-ಎಂ-ಎಸ್-ವೈ-ಎಸ್, ಚುಕ್ಕೆ, ಸಿ-ಪಿ-ಎಲ್ ಎಂಬ ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಟೈಪಿಸಿ. ರೆಕಾರ್ಡಿಂಗ್ ಪುಟದಲ್ಲಿ ಮಷೀನಿನ ಮೈಕಿನ ಮೇಲೆ ರೈಟ್ ಕ್ಲಿಕ್, ಡಿಸೇಬಲ್. ಮೈಕೇ ಇಲ್ಲದ ಮೇಲೆ ಎಚ್‌ಎಫ್‌ಪಿಗೆ ಇಳಿಯಲು ನೆಪ ಸಿಗುವುದಿಲ್ಲ.

ಅದೇ ಕಿಟಕಿಯ "ಸೌಂಡ್ಸ್" ಪುಟದಲ್ಲಿ ಸೌಂಡ್ ಸ್ಕೀಮನ್ನು "ನೋ ಸೌಂಡ್ಸ್" ಮಾಡಿಬಿಡಿ. ಇಮೇಲ್ ಬಂತೆಂದು ಕಂಪ್ಯೂಟರ್ ಒಮ್ಮೆ "ಡಿಂಗ್" ಅಂದರೂ ಮಷೀನು ಸ್ಟ್ರೀಮಿಂಗ್‌ಗೆ ಹೊರಳಿ, ಸುತ್ತಲಿನ ಸದ್ದು ತಗ್ಗಿಸಿ, ಕೆಲವು ಸೆಕೆಂಡಾದ ಮೇಲೆ ವಾಪಸ್ ಬರುತ್ತದೆ. ಎದುರಿಗೆ ಕೂತು ಮಾತಾಡುವವರ ಅರ್ಧ ವಾಕ್ಯ ಅಷ್ಟರಲ್ಲಿ ಹೋಗಿರುತ್ತೆ.

ಉಡುಪಿ_ರಾವ್ · #6

ಫೋನಾಕ್‌ನ್ನು ಫೋನ್, ಲ್ಯಾಪ್‌ಟಾಪ್, ಟ್ಯಾಬ್ ಮೂರಕ್ಕೂ ಪೇರ್ ಮಾಡಿಟ್ಟರೆ ಮೂರನೆಯದು ಸೇರುವುದೇ ಇಲ್ಲ. ಕೆಟ್ಟಿದೆಯಾ?

ಕಿಟಕಿ11 · #7

ಕೆಟ್ಟಿಲ್ಲ ರಾಯರೇ. ಪ್ಯಾರಡೈಸ್, ಲ್ಯೂಮಿಟಿ ಸರಣಿಗಳಲ್ಲಿ ನೆನಪಿಟ್ಟುಕೊಳ್ಳುವುದು 8 ಸಾಧನ, ಏಕಕಾಲಕ್ಕೆ ಸಂಪರ್ಕ 2ಕ್ಕೆ ಮಾತ್ರ. ಟ್ಯಾಬ್ ಬೇಕಾದಾಗ ಲ್ಯಾಪ್‌ಟಾಪಿನ ಬ್ಲೂಟೂತ್ ಆಫ್ ಮಾಡಿ.

ತುಮಕೂರು_ಸುಮಾ · #8

ಹಲ್ಲುಚಕ್ರ ಒತ್ತಿ ನೋಡಿದೆ. "ಹಿಯರಿಂಗ್ ಏಡ್ಸ್" ಅಂತ ಒಂದೇ ಸ್ವಿಚ್. ಅಂದರೆ ಆಶಾ. ವಿಂಡೋಸ್ 11 ಹಾಕಿಸಿದರೂ ಪ್ರಯೋಜನ ಇಲ್ಲ ಅಂತಾಯ್ತಾ?

ಕಿಟಕಿ11 · #9

ಈ ಮಷೀನಿಗಾಗಿ ಅಂತ ಹಾಕಿಸಬೇಡಿ. ವಿಂಡೋಸ್ 11 ಉಪಯೋಗಕ್ಕೆ ಬರುವುದು ಎಲ್‌ಇ ಆಡಿಯೋ ಮಷೀನುಗಳಿಗೆ. 22ಎಚ್2 ಆವೃತ್ತಿಗೆ 2023ರಲ್ಲಿ ಬಂದ ಅಪ್‌ಡೇಟಿನಿಂದ ಎಲ್‌ಇ ಆಡಿಯೋ ಧ್ವನಿ, 24ಎಚ್2ರಿಂದ ಮಷೀನಿನ ಪ್ರೋಗ್ರಾಂ ಬದಲಿಸುವುದು, ಸುತ್ತಲಿನ ಸದ್ದು ಹೆಚ್ಚುಕಡಿಮೆ ಮಾಡುವುದೂ ವಿಂಡೋಸ್‌ನಲ್ಲೇ ಸಾಧ್ಯ. ಸೆಟ್ಟಿಂಗ್ಸ್ – ಆಕ್ಸೆಸಿಬಿಲಿಟಿ – ಹಿಯರಿಂಗ್ ಡಿವೈಸಸ್.

ಅದಕ್ಕೂ ಷರತ್ತಿದೆ. ಬ್ಲೂಟೂತ್ ಚಿಪ್ 5.2 ಅಥವಾ 5.3 ಇದ್ದ ಮಾತ್ರಕ್ಕೆ ಆಗುವುದಿಲ್ಲ. ಚಿಪ್‌ನ ಡ್ರೈವರ್, ಸೌಂಡ್ ಡ್ರೈವರ್ ಎರಡನ್ನೂ ಲ್ಯಾಪ್‌ಟಾಪ್ ಕಂಪನಿ ಎಲ್‌ಇ ಆಡಿಯೋಗೆ ಸಜ್ಜುಮಾಡಿ ಕೊಟ್ಟಿರಬೇಕು. ಪರೀಕ್ಷೆ ಸುಲಭ: ಬ್ಲೂಟೂತ್ ಅಂಡ್ ಡಿವೈಸಸ್ – ಡಿವೈಸಸ್ ಪುಟದ ಕೆಳಗೆ "ಯೂಸ್ ಎಲ್‌ಇ ಆಡಿಯೋ ವೆನ್ ಅವೈಲಬಲ್" ಎಂಬ ಸ್ವಿಚ್ ಇದ್ದರೆ ಇದೆ, ಕಾಣದಿದ್ದರೆ ಇಲ್ಲ. ಹೊರಗಿನಿಂದ ಚುಚ್ಚುವ ಅಗ್ಗದ 5.3 ಡಾಂಗಲ್‌ನಿಂದ ಆ ಸ್ವಿಚ್ ಸಾಮಾನ್ಯವಾಗಿ ಬರುವುದಿಲ್ಲ. ಅಂಗಡಿಯವರು ಹೇಳುವ 5.3 ಎಂಬ ಸಂಖ್ಯೆಗೂ ಧ್ವನಿ ಬರುತ್ತದೋ ಇಲ್ಲವೋ ಅನ್ನುವುದಕ್ಕೂ ಇರುವ ನಂಟು ಅಷ್ಟೇ.

ಸನ್ನಿವೇಲ್_ಕನ್ನಡಿಗ · #10

ಮ್ಯಾಕ್ ಬಗ್ಗೆ ಯಾರೂ ಹೇಳಿಲ್ಲ. ಮ್ಯಾಕ್‌ಓಎಸ್ ಸೋನೋಮಾದಿಂದ, ಅಂದರೆ 14ರಿಂದ, ಎಂಎಫ್‌ಐ ಮಷೀನುಗಳು ನೇರ ಸೇರುತ್ತವೆ. ಆದರೆ ಎಲ್ಲ ಮ್ಯಾಕ್‌ಗಳಿಗೂ ಅಲ್ಲ. ಎಂ1 ಪ್ರೊ, ಎಂ1 ಮ್ಯಾಕ್ಸ್, ಎಂ1 ಅಲ್ಟ್ರಾ, ಮತ್ತೆ ಎಂ2 ಹಾಗೂ ಮುಂದಿನವು. ಬರೀ ಎಂ1 ಇರುವ ಮ್ಯಾಕ್‌ಬುಕ್ ಏರ್‌ಗೆ ಇಲ್ಲ, ಇಂಟೆಲ್ ಮ್ಯಾಕ್‌ಗೂ ಇಲ್ಲ. ಹಳೇ ಮ್ಯಾಕ್ ಕೊಳ್ಳುವವರು ಚಿಪ್‌ನ ಪೂರ್ತಿ ಹೆಸರು ನೋಡಿಕೊಳ್ಳಿ.

ಬ್ಲೂಟೂತ್ ಪುಟದಲ್ಲಿ ಹುಡುಕಬೇಡಿ, ಸಿಸ್ಟಂ ಸೆಟ್ಟಿಂಗ್ಸ್ – ಆಕ್ಸೆಸಿಬಿಲಿಟಿ – ಹಿಯರಿಂಗ್ ಡಿವೈಸಸ್‌ಗೆ ಹೋಗಿ. ಎಡ ಬಲ ಎರಡಕ್ಕೂ ಬೇರೆ ಬೇರೆ ಪೇರಿಂಗ್ ಕೋರಿಕೆ ಬರಬಹುದು. ಮೊದಲನೆಯದನ್ನು ಒಪ್ಪಿ ಕಿಟಕಿ ಮುಚ್ಚಿಬಿಟ್ಟರೆ ಒಂದೇ ಕಿವಿಗೆ ಧ್ವನಿ. ಎರಡನೆಯದು ಬರಲು ಕೆಲವು ಸೆಕೆಂಡ್ ಹಿಡಿಯುತ್ತೆ, ಕಾಯಿರಿ. ಐಫೋನ್, ಮ್ಯಾಕ್ ಎರಡೂ ಒಂದೇ ಆಪಲ್ ಖಾತೆಯಲ್ಲಿದ್ದರೆ ಎಲ್ಲಿ ಸದ್ದು ಶುರುವಾಗುತ್ತದೋ ಅಲ್ಲಿಗೆ ಮಷೀನು ತಾನೇ ಹೊರಳುತ್ತದೆ.

ಹುಬ್ಬಳ್ಳಿ_ಲಿನಕ್ಸ್ · #11

ಲಿನಕ್ಸ್ ಮಂದಿ ಇದ್ರ ಕೇಳ್ರಿ. ಕ್ಲಾಸಿಕ್ ಮಷೀನ ಪೈಪ್‌ವೈರ್ (ಲಿನಕ್ಸಿನ ಧ್ವನಿ ವ್ಯವಸ್ಥಾ) ಮ್ಯಾಲೆ ಏನೂ ತಕರಾರ ಇಲ್ಲದ ನಡೀತಾವ. ಮೈಕ್ ತೆರೆದ ಕೂಡ್ಲೇ ಎಚ್‌ಎಫ್‌ಪಿಗೆ ಇಳಿಯೋ ಚಟ ಇಲ್ಲೂ ಅದ. ಪಲ್ಸ್ ವಾಲ್ಯೂಮ್ ಕಂಟ್ರೋಲ್ ಹಾಕ್ಕೊಂಡು, ಅದರ ಕಾನ್ಫಿಗರೇಶನ್ ಪುಟದಾಗ ಪ್ರೊಫೈಲ್ ಎ2ಡಿಪಿ ಮಾಡ್ರಿ. ಪ್ರತಿ ಸಲ ಮಾಡೂದು ಬ್ಯಾಸರ ಅನಿಸಿದ್ರ ಪೈಪ್‌ವೈರ್ ನಡೆಸೋ ವೈರ್‌ಪ್ಲಂಬರ್‌ದಾಗ ತಾನಾಗೇ ಹೆಡ್‌ಸೆಟ್ ಪ್ರೊಫೈಲಿಗೆ ಬದಲಾಗೋ ಸೆಟ್ಟಿಂಗ್ ಅದ, ಅದನ್ನ ಆಫ್ ಮಾಡಿಬಿಡ್ರಿ.

ಆಶಾ ಮಷೀನಿಗೆ ವಿಂಡೋಸ್‌ಕಿಂತ ಲಿನಕ್ಸ್ ಮುಂದದ. ಲಿನಕ್ಸಿನ ಬ್ಲೂಟೂತ್ ಸಾಫ್ಟ್‌ವೇರ್ ಬ್ಲೂಝೀ ಒಳಗ ಆಶಾ ಬೆಂಬಲ ಸೇರ್ಯದ, ಬ್ಯಾರೆಯವರು ಬರೆದ ಪೈಪ್‌ವೈರ್ ಸೇವೆನೂ ಅದ. ಆದ್ರ ಹಳೇ ಡಿಸ್ಟ್ರೋದಾಗ ಸಿಗೂದಿಲ್ಲ, ಕೆಲವು ಬ್ಲೂಟೂತ್ ಚಿಪ್‌ನಾಗ ಒಂದು ಕಿವಿ ಸೇರಿ ಇನ್ನೊಂದು ತಪ್ಪಿಸ್ಕೊಂಡ ಹೋಗ್ತದ. ಸುಮಾ ಅಕ್ಕಾರ, ನಿಮ್ಮ ತಂದಿಯವರ ಲ್ಯಾಪ್‌ಟಾಪಿಗೆ ಇದನ್ನ ನಾ ಹೇಳೂದಿಲ್ರಿ. ಟರ್ಮಿನಲ್ ಗೊತ್ತಿದ್ದವರು ಆಡಿ ನೋಡೋ ಮಾತಿದು.

ವೈರ್_ಮ್ಯಾನ್ · #12

ಬ್ಲೂಟೂತ್ ಪುರಾಣ ಸಾಕು. ಆಶಾ ಮಷೀನನ್ನು ವಿಂಡೋಸ್‌ಗೆ ಸೇರಿಸಲು ಗಟ್ಟಿ ದಾರಿ ಅಂದರೆ ಮಷೀನಿನ ಕಂಪನಿಯದೇ ಟಿವಿ ಸ್ಟ್ರೀಮರ್. ಫೋನಾಕ್‌ಗೆ ಟಿವಿ ಕನೆಕ್ಟರ್, ಓಟಿಕಾನ್‌ಗೆ ಟಿವಿ ಅಡಾಪ್ಟರ್, ರೀಸೌಂಡ್‌ಗೆ ಟಿವಿ ಸ್ಟ್ರೀಮರ್, ಸಿಗ್ನಿಯಾಗೆ ಸ್ಟ್ರೀಮ್‌ಲೈನ್ ಟಿವಿ. ಹೆಸರಲ್ಲಿ ಟಿವಿ ಇದ್ದರೂ ಅದಕ್ಕೆ ಬೇಕಾದ್ದು ಬರೀ ಧ್ವನಿಯ ವೈರು. ಅದು ಲ್ಯಾಪ್‌ಟಾಪಿನಿಂದ ಬಂದರೂ ಒಂದೇ, ಹಾರ್ಮೋನಿಯಂ ಕ್ಲಾಸಿನ ಮಿಕ್ಸರಿನಿಂದ ಬಂದರೂ ಒಂದೇ. ಸ್ಟ್ರೀಮರ್ ಡಬ್ಬದಿಂದ ಮಷೀನಿಗೆ ಕಂಪನಿಯ ಸ್ವಂತ 2.4 ಗಿಗಾಹರ್ಟ್ಸ್ ಕೊಂಡಿ, ಎ2ಡಿಪಿಗಿಂತ ಬೇಗ ತಲುಪುತ್ತದೆ. ಒಂದು ಕಂಪನಿಯ ಡಬ್ಬ ಇನ್ನೊಂದರ ಮಷೀನಿಗೆ ಆಗುವುದಿಲ್ಲ. ಅದೇ ಕಂಪನಿಯಲ್ಲೂ ನಿಮ್ಮ ಮಾದರಿಗೆ ಹೊಂದುವುದೇ ಅಂತ ಕೇಳಿ ತನ್ನಿ.

ಲ್ಯಾಪ್‌ಟಾಪಿಗೆ ಜೋಡಿಸುವ ಬಗೆ: ಎರಡೂ ತುದಿ 3.5 ಮಿಲಿಮೀಟರ್ ಗಂಡು ಇರುವ ಕೇಬಲ್, ಅಥವಾ ಡಬ್ಬದಲ್ಲಿ ಕೆಂಪು-ಬಿಳಿ ಆರ್‌ಸಿಎ ಇದ್ದರೆ 3.5ರಿಂದ ಆರ್‌ಸಿಎ. ಪ್ಲಗ್ಗಿನ ಮೇಲೆ ಕಪ್ಪು ಉಂಗುರ ಎರಡೇ ಇರಲಿ, ಅಂದರೆ ಮೂರು ಪೋಲ್. ಮೂರು ಉಂಗುರದ ನಾಲ್ಕು ಪೋಲ್ ಕೇಬಲ್ ಹಾಕಿದರೆ ಲ್ಯಾಪ್‌ಟಾಪ್ ಅದನ್ನು ಮೈಕಿರುವ ಹೆಡ್‌ಸೆಟ್ ಎಂದುಕೊಂಡು ತನ್ನ ಮೈಕು ಆಫ್ ಮಾಡಬಹುದು. ಆಗ ಮೀಟಿಂಗಿನಲ್ಲಿ ನಿಮ್ಮ ಮಾತು ಅವರಿಗೆ ಕೇಳುವುದಿಲ್ಲ. ಲ್ಯಾಪ್‌ಟಾಪಿನ ವಾಲ್ಯೂಮ್ 70–80ರಲ್ಲಿ ನಿಲ್ಲಿಸಿ, ಬೇಕಾದ ಏರಿಳಿತ ಮಷೀನಿನಲ್ಲೇ ಮಾಡಿ. 100ಕ್ಕೆ ಇಟ್ಟರೆ ಡಬ್ಬದ ಒಳಬಾಗಿಲಲ್ಲೇ ಧ್ವನಿ ಒಡೆಯುತ್ತದೆ.

"ಕೀ..." ಎಂಬ ಸಣ್ಣ ಸದ್ದು, ಮೌಸ್ ಆಡಿಸಿದರೆ ಬದಲಾಗುವುದು, ಬಂದರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ವೈರಿನ ಗ್ರೌಂಡ್ ಸೇರಿ ಸುತ್ತಾಗಿ ನುಗ್ಗುವ ಗದ್ದಲ. ಡಬ್ಬಕ್ಕೆ ಕರೆಂಟನ್ನೂ ಧ್ವನಿಯನ್ನೂ ಒಂದೇ ಲ್ಯಾಪ್‌ಟಾಪಿನಿಂದ ಕೊಟ್ಟಾಗ ಹೀಗಾಗುತ್ತದೆ. ಡಬ್ಬಕ್ಕೆ ಬೇರೆ ಫೋನ್ ಚಾರ್ಜರಿನಿಂದ 5 ವೋಲ್ಟ್ ಕೊಡಿ. ಹೋಗದಿದ್ದರೆ ಆಪ್ಟಿಕಲ್ ಔಟ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿ. ಆಪ್ಟಿಕಲ್‌ನಲ್ಲಿ ಹರಿಯುವುದು ಬೆಳಕು, ತಾಮ್ರದ ಸಂಪರ್ಕವೇ ಇಲ್ಲ, ಲೂಪ್ ಆಗುವ ಪ್ರಶ್ನೆಯೇ ಇಲ್ಲ.

ಇನ್ನೊಂದು ಮಾತು. ಆನ್‌ಲೈನಲ್ಲಿ ಸಿಗುವ "ಟಿವಿ ಬ್ಲೂಟೂತ್ ಟ್ರಾನ್ಸ್‌ಮಿಟರ್" ಬರೀ ಕ್ಲಾಸಿಕ್‌ಗೆ. ಆಶಾ, ಎಂಎಫ್‌ಐ ಮಷೀನನ್ನು ಅದು ಕಂಡುಹಿಡಿಯುವುದೂ ಇಲ್ಲ. ಪೆಟ್ಟಿಗೆಯ ಮೇಲೆ "ಲೋ ಲೇಟೆನ್ಸಿ" ಅಂತ ದೊಡ್ಡದಾಗಿ ಬರೆದಿದ್ದರೂ ಅದು ವಿಶೇಷ ಕೋಡೆಕ್ ಎರಡೂ ಕಡೆ ಇದ್ದರೆ ಮಾತ್ರ. ಕ್ಲಾಸಿಕ್ ಹಿಯರಿಂಗ್ ಏಡ್‌ಗಳಲ್ಲಿ ಆ ಕೋಡೆಕ್ ಇರದೆ ಮಾಮೂಲಿ ಎಸ್‌ಬಿಸಿ ಕೋಡೆಕ್‌ಗೆ ಇಳಿಯುತ್ತದೆ, ತುಟಿಗೂ ಮಾತಿಗೂ ತಾಳ ತಪ್ಪುತ್ತದೆ.

ಉಡುಪಿ_ರಾವ್ · #13

ಎಷ್ಟು ತಡವಾದರೆ ತಾಳ ತಪ್ಪಿದ್ದು ಗೊತ್ತಾಗ್ತದೆ?

ವೈರ್_ಮ್ಯಾನ್ · #14

ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.1359 ಶಿಫಾರಸಿನ ಪ್ರಕಾರ ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಬಂದರೆ ಅಥವಾ 125 ಹಿಂದೆ ಬಿದ್ದರೆ ಜನರಿಗೆ ಗೊತ್ತಾಗಲು ಶುರುವಾಗುತ್ತದೆ. ಎಸ್‌ಬಿಸಿ ಎ2ಡಿಪಿಯಲ್ಲಿ 150ರಿಂದ 250 ಸಾಮಾನ್ಯ. ಯೂಟ್ಯೂಬ್ ನೋಡುವಾಗ ಲ್ಯಾಪ್‌ಟಾಪ್, ಫೋನು ಚಿತ್ರವನ್ನೇ ತಡೆದು ಸರಿದೂಗಿಸುತ್ತವೆ. ಟಿವಿಯ ಹಿಂದೆ ಸಿಕ್ಕಿಸಿದ ಟ್ರಾನ್ಸ್‌ಮಿಟರಿನ ವಿಷಯ ಟಿವಿಗೆ ಗೊತ್ತೇ ಇರುವುದಿಲ್ಲವಲ್ಲ.

ಕಿವಿಮಾತು · #15

ತುಟಿ ನೋಡಿ ಅರ್ಥ ಮಾಡಿಕೊಳ್ಳುವವರಿಗೆ ಆ ಸಂಖ್ಯೆಗಿಂತ ಕಡಿಮೆಯಿದ್ದರೂ ಕಿರಿಕಿರಿಯೇ.

ಇನ್ನೊಂದು ತಡ ಇದೆ, ಅದು ಬೇರೆ ಥರ. ಓಪನ್ ಡೋಮ್ (ಕಿವಿಯನ್ನು ಪೂರ್ತಿ ಮುಚ್ಚದ ತೂತಿನ ಮೆತ್ತನೆ ತುದಿ) ಹಾಕಿದವರಿಗೆ ಟಿವಿ ಸ್ಪೀಕರಿನ ಸದ್ದು ಗಾಳಿಯಲ್ಲಿ ನೇರವಾಗಿ ಬರುತ್ತದೆ, ಸ್ಟ್ರೀಮ್ ಆದದ್ದು ಸ್ವಲ್ಪ ತಡವಾಗಿ ಬರುತ್ತದೆ. ಎರಡೂ ಸೇರಿ ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ಸ್ಟ್ರೀಮರ್ ಕೆಟ್ಟಿದೆ ಎಂದು ವಾಪಸ್ ಕೊಡಲು ಬರುವವರು ಮೊದಲು ಟಿವಿ ಸ್ಪೀಕರ್ ಪೂರ್ತಿ ಆರಿಸಿ ನೋಡಬೇಕು. ಸರಿಹೋದರೆ ಸ್ಟ್ರೀಮರ್ ಸರಿಯಾಗಿಯೇ ಇದೆ. ಮನೆಯ ಉಳಿದವರೂ ಟಿವಿ ಕೇಳಬೇಕಾದರೆ ಸ್ಪೀಕರ್ ಕಡಿಮೆ ಮಾಡಿ, ಆ್ಯಪಿನಲ್ಲಿ ಸುತ್ತಲಿನ ಸದ್ದನ್ನು ತಗ್ಗಿಸಿ. ಪೂರ್ತಿ ಮ್ಯೂಟ್ ಮಾತ್ರ ಬೇಡ. ಕುಕ್ಕರ್ ವಿಷಲ್, ಕಾಲಿಂಗ್ ಬೆಲ್ ಎರಡೂ ತಪ್ಪಿಹೋಗುತ್ತವೆ.

ತುಮಕೂರು_ಸುಮಾ · #16

ಟಿವಿ ಸ್ಟ್ರೀಮರ್ ಒಂದು ತಂದರೆ ಟಿವಿ, ಲ್ಯಾಪ್‌ಟಾಪ್ ಎರಡಕ್ಕೂ ಆಗುತ್ತಾ? ವೈರನ್ನು ಸೆಟ್‌ಟಾಪ್ ಬಾಕ್ಸಿಗೆ ಹಾಕಬೇಕಾ, ಟಿವಿಗಾ?

ವೈರ್_ಮ್ಯಾನ್ · #17

ಟಿವಿಗೇ ಹಾಕಿ. ಬಾಕ್ಸಿಗೆ ಹಾಕಿದರೆ ಟಿವಿಯ ಯೂಟ್ಯೂಬ್, ಪೆನ್‌ಡ್ರೈವ್ ಸಿನಿಮಾ ಯಾವುದೂ ಕೇಳುವುದಿಲ್ಲ.

ಟಿವಿಯ ಹಿಂದೆ ಚೌಕಾಕಾರದ ಆಪ್ಟಿಕಲ್ ತೂತು ಇದ್ದರೆ ಅದೇ ಮೊದಲ ಆಯ್ಕೆ. ಕೇಬಲ್ ತುದಿಗೆ ಪುಟ್ಟ ಪಾರದರ್ಶಕ ಟೋಪಿ ಇರುತ್ತದೆ, ಅದನ್ನು ತೆಗೆಯಬೇಕು. ಒಂದು ತುದಿ ಟಿವಿಗೆ ಹಾಕಿ, ಇನ್ನೊಂದರಲ್ಲಿ ಕೆಂಪು ಬೆಳಕು ಕಾಣುತ್ತದಾ ನೋಡಿ. ಬೆಳಕು ಇದ್ದೂ ಧ್ವನಿ ಇಲ್ಲದಿದ್ದರೆ ಹತ್ತಕ್ಕೆ ಒಂಬತ್ತು ಪಾಲು ಟಿವಿ ಆ ಡಬ್ಬಕ್ಕೆ ಅರ್ಥವಾಗದ ಡಾಲ್ಬಿ ಬಗೆಯ ಧ್ವನಿ ಕಳಿಸುತ್ತಿರುತ್ತದೆ. ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟನ್ನು "ಆಟೋ" ಅಥವಾ "ಬಿಟ್‌ಸ್ಟ್ರೀಮ್" ಬಿಟ್ಟು "ಪಿಸಿಎಂ" (ಮಾಮೂಲಿ ಸ್ಟೀರಿಯೋ) ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಇದು ಎಕ್ಸ್‌ಪರ್ಟ್ ಸೆಟ್ಟಿಂಗ್ಸ್ ಒಳಗೆ, ಎಲ್‌ಜಿಯಲ್ಲಿ "ಡಿಜಿಟಲ್ ಸೌಂಡ್ ಔಟ್‌ಪುಟ್". ಒಂದು ಚಾನೆಲ್‌ನಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೂ ಕಾರಣ ಇದೇ. ಚಾನೆಲ್‌ನಿಂದ ಚಾನೆಲ್‌ಗೆ ಧ್ವನಿಯ ಬಗೆ ಬೇರೆ.

ಟಿವಿಯ ಹೆಡ್‌ಫೋನ್ ತೂತಿಗೆ ಹಾಕಿದರೆ ಬಹಳ ಟಿವಿಗಳಲ್ಲಿ ಸ್ಪೀಕರ್ ನಿಂತುಹೋಗುತ್ತದೆ. ಮನೆಯಲ್ಲಿ ಜಗಳ. ಆಪ್ಟಿಕಲ್‌ನಲ್ಲಿ ಆ ಸಮಸ್ಯೆ ಕಡಿಮೆ. ಕೆಲವು ಟಿವಿಗಳಲ್ಲಿ "ಸ್ಪೀಕರ್ ಮತ್ತು ಆಪ್ಟಿಕಲ್ ಎರಡೂ" ಎಂದು ಆರಿಸಬೇಕಾಗುತ್ತದೆ.

ಆಪ್ಟಿಕಲ್ ಇಲ್ಲದ ಹಳೇ ಟಿವಿಯಾದರೆ ಮಾತ್ರ ಬಾಕ್ಸಿನ ಎವಿ ಔಟ್. ಎಚ್‌ಡಿಎಂಐ ಹಾಕಿದ್ದರೂ ಬಹಳಷ್ಟು ಬಾಕ್ಸ್‌ಗಳಲ್ಲಿ ಅದು ಜೀವಂತ ಇರುತ್ತದೆ. ಕೆಂಪು-ಬಿಳಿ-ಹಳದಿ ತೂತು ಇದ್ದರೆ ಕೆಂಪು, ಬಿಳಿ ಸಾಕು. ಒಂದೇ 3.5 ತೂತಿದ್ದರೆ ಎಚ್ಚರ: ಅದು ನಾಲ್ಕು ಪೋಲ್, ಒಂದು ಪೋಲಿನಲ್ಲಿ ವಿಡಿಯೋ ಇರುತ್ತದೆ, ಯಾವುದರಲ್ಲಿ ಎಂಬುದು ತಯಾರಕರಿಂದ ತಯಾರಕರಿಗೆ ಬೇರೆ. ತಪ್ಪು ಕೇಬಲ್ ಹಾಕಿದರೆ ಒಂದು ಕಿವಿಗೆ "ಝ್ರ್ರ್" ಎಂಬ ಒರಟು ಸದ್ದು, ಅದು ವಿಡಿಯೋ ಸಿಗ್ನಲ್. ಮೊದಲು ಹಳದಿ ಪ್ಲಗ್ಗನ್ನು ಧ್ವನಿಗೆ ಹಾಕಿ ನೋಡಿ. ಆಗಲೂ ಸರಿಹೋಗದಿದ್ದರೆ ಬಾಕ್ಸ್ ಜೊತೆ ಬಂದ ಕೇಬಲ್ಲೇ ಬೇಕು. ಮಷೀನು ಕಿವಿಯಲ್ಲಿಟ್ಟುಕೊಂಡು ಈ ಪ್ರಯೋಗ ಬೇಡ, ತೆಗೆದಿಟ್ಟು ಮೊದಲು ಸಣ್ಣ ಸ್ಪೀಕರಿನಲ್ಲಿ ಪರೀಕ್ಷಿಸಿ.

ಎರಡಕ್ಕೂ ಒಂದೇ ಡಬ್ಬ ಆಗುತ್ತದೆ. ಟಿವಿಗೆ ಆಪ್ಟಿಕಲ್, ಲ್ಯಾಪ್‌ಟಾಪಿಗೆ 3.5 ಹಾಕಿ ಎರಡೂ ಬಿಡಬಹುದಾ ಅನ್ನೋದು ಡಬ್ಬದ ಮೇಲೆ ನಿಂತಿದೆ. ಕೆಲವು ಒಂದಕ್ಕೆ ಆದ್ಯತೆ ಕೊಟ್ಟು ಇನ್ನೊಂದನ್ನು ಕಡೆಗಣಿಸುತ್ತವೆ. ಬೇರೆ ಕೋಣೆಗಳಾದರೆ ಡಬ್ಬ ಎತ್ತಿಕೊಂಡು ಹೋಗುವುದೇ ಸರಿ, ಮತ್ತೆ ಪೇರ್ ಮಾಡಬೇಕಿಲ್ಲ.

ಉಡುಪಿ_ರಾವ್ · #18

ಇಷ್ಟೆಲ್ಲ ದುಡ್ಡು ಹಾಕಲಾಗದವರಿಗೆ? ಸರ್ಕಾರದಿಂದ ಸಿಕ್ಕಿದ ಕಿವಿಯ ಹಿಂದೆ ಇಡುವ ಮಷೀನು, ಬ್ಲೂಟೂತ್ ಇಲ್ಲವೇ ಇಲ್ಲ.

ಕಿವಿಮಾತು · #19

ಅದರಲ್ಲಿ ಟಿ ಅಥವಾ ಎಂಟಿ ಸ್ವಿಚ್ ಇದೆಯಾ ನೋಡಿ ರಾಯರೇ. ಇದ್ದರೆ ಒಳಗೆ ಟೆಲಿಕಾಯಿಲ್ ಇದೆ. ಆಯಸ್ಕಾಂತೀಯ ತರಂಗವನ್ನು ಹಿಡಿಯುವ ತಂತಿಸುರುಳಿ ಅದು. ಕುತ್ತಿಗೆಗೆ ಹಾಕಿಕೊಳ್ಳುವ ನೆಕ್‌ಲೂಪ್ ಒಂದು ತಂದು, ಅದರ 3.5 ಪ್ಲಗ್ಗನ್ನು ಲ್ಯಾಪ್‌ಟಾಪಿಗೋ ಟಿವಿಗೋ ಹಾಕಿ, ಸ್ವಿಚ್ಚನ್ನು ಟಿಗೆ ಇಡಿ. ಪೇರಿಂಗ್ ಇಲ್ಲ, ಕಂಪನಿ ಭೇದ ಇಲ್ಲ, ತಡ ಇಲ್ಲ. ವಿಂಡೋಸ್ 7 ಆದರೂ ನಡೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಈ ದಾರಿಗೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ.

ತೊಡಕುಗಳು: ಟಿಗೆ ಇಟ್ಟಾಗ ಹೊರಗಿನ ಮೈಕು ಬಂದ್, ಎಂಟಿಯಲ್ಲಿ ಎರಡೂ ಕೇಳುತ್ತವೆ. ತಲೆ ಬಗ್ಗಿಸಿದರೆ ಸುರುಳಿಯ ಕೋನ ಬದಲಾಗಿ ಸದ್ದು ಏರಿಳಿಯುತ್ತದೆ. ಯುಪಿಎಸ್, ಇನ್ವರ್ಟರ್, ಹಳೇ ಟ್ಯೂಬ್‌ಲೈಟ್ ಚೋಕ್ ಹತ್ತಿರ ಕೂತರೆ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ. ಒಂದೆರಡು ಮೀಟರ್ ದೂರ ಸರಿದರೆ ಬಹುತೇಕ ಹೋಗುತ್ತದೆ. ಟಿ ಸ್ವಿಚ್ ಇಲ್ಲದ ಡಿಜಿಟಲ್ ಮಷೀನಿನಲ್ಲೂ ಟೆಲಿಕಾಯಿಲ್ ಇದ್ದು ಆಡಿಯಾಲಜಿಸ್ಟ್ (ಕಿವಿ ಪರೀಕ್ಷಿಸಿ ಮಷೀನು ಹೊಂದಿಸುವ ತಜ್ಞರು) ಪ್ರೋಗ್ರಾಂ ಸೇರಿಸದೇ ಬಿಟ್ಟಿರಬಹುದು, ಕೇಳಿ. ಸಣ್ಣ ಚಾರ್ಜಬಲ್ ಮಾದರಿಗಳಲ್ಲಿ ಹಲವಕ್ಕೆ ಅದು ಇರುವುದಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೋ ಹತ್ತಿರದ ಆಡಿಯಾಲಜಿಸ್ಟ್ ಬಳಿಗೋ ಹೋದಾಗ ಬರೀ "ಚೆನ್ನಾಗಿ ಕೇಳ್ತಿಲ್ಲ" ಅನ್ನದೆ ಇವನ್ನು ಕೇಳಿ: ಟೆಲಿಕಾಯಿಲ್ ಪ್ರೋಗ್ರಾಂ ಹಾಕಿ, ಸ್ಟ್ರೀಮಿಂಗ್ ವೇಳೆ ಹೊರಗಿನ ಮೈಕು ಎಷ್ಟು ತಗ್ಗಬೇಕೆಂದು ಹೊಂದಿಸಿ, ಸ್ಟ್ರೀಮ್ ಸಪ್ಪೆ ಅನಿಸಿದರೆ ಕೆಳಸ್ಥಾಯಿ ಸ್ವಲ್ಪ ಏರಿಸಿ. ಓಪನ್ ಡೋಮಿನಲ್ಲಿ ಕೆಳಸ್ಥಾಯಿ ಕಿವಿಯಿಂದ ಸೋರಿಹೋಗುತ್ತದೆ, ಹಾಗಾಗಿ ಸ್ಟ್ರೀಮ್ ಆದ ಹಾಡು ಡಬ್ಬಿ ಬಡಿದಂತಿರುತ್ತದೆ. ಫೋನಾಕ್ ಆದರೆ ಎಡ-ಬಲದಲ್ಲಿ ಯಾವುದು ಬ್ಲೂಟೂತ್ ಹಿಡಿಯಬೇಕು, ಬ್ಯಾಂಡ್‌ವಿಡ್ತ್ ಸ್ಥಿರವೋ ಹೊಂದಾಣಿಕೆಯೋ, ಇವೂ ಅವರ ಸಾಫ್ಟ್‌ವೇರಿನಲ್ಲೇ ಇರುವ ಆಯ್ಕೆಗಳು. ಮನೆಯ ಆ್ಯಪಿನಲ್ಲಿ ಸಿಗುವುದಿಲ್ಲ.

ಹುಬ್ಬಳ್ಳಿ_ಲಿನಕ್ಸ್ · #20

ಅದು ಯಾವ ಕಿವಿ ಅನ್ನೂದು ಭಾಳ ಮುಖ್ಯ ನೋಡ್ರಿ. ಬಲಗಿವಿ ಬ್ಲೂಟೂತ್ ಹಿಡೀತಿದ್ದು, ಫೋನ್ ಎಡಗಡೆ ಪ್ಯಾಂಟ್ ಕಿಸೆದಾಗ ಇಟ್ರ ನಡುವ ಮೈ ಅಡ್ಡ ಬರ್ತದ. ಮೈಯಾಗಿನ ನೀರು 2.4 ಗಿಗಾಹರ್ಟ್ಸ್ ಅಲೆ ನುಂಗ್ತದ. ಕಡಕಡ ಅಂತ ಕಡೀತದ ಅನ್ನೋವರು ಮೊದಲ ಕಿಸೆ ಬದಲ ಮಾಡ್ರಿ.

ಲ್ಯಾಪ್‌ಟಾಪಿಗೆ ಡಾಂಗಲ್ ಹಾಕಿದ್ರ ಅದರ ಬಾಜೂಕ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಇಡಬ್ಯಾಡ್ರಿ. ಯುಎಸ್‌ಬಿ 3.0 ಕೇಬಲ್, ಪೋರ್ಟ್ ಎರಡೂ 2.4 ಗಿಗಾಹರ್ಟ್ಸ್ ಹತ್ರ ಗದ್ದಲ ಹಾಕ್ತಾವ, ಇದನ್ನ ಇಂಟೆಲ್‌ನವರೇ 2012ರಾಗ ಬರದಾರ. ಒಂದು ಮೀಟರ್ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಕೇಬಲ್ ತಂದು ಡಾಂಗಲ್ ಟೇಬಲ್ ಮ್ಯಾಲೆ ತರ್ರಿ. ವೈಫೈ 5 ಗಿಗಾಹರ್ಟ್ಸ್‌ಗೆ ಹಾಕ್ರಿ. ಅರ್ಧ ತಕರಾರು ಅಲ್ಲೇ ಮುಗೀತಾವ.

ಕಿಟಕಿ11 · #21

ಸುಮಾ ಅವರಿಗೆ ಇವತ್ತೇ, ಖರ್ಚಿಲ್ಲದೆ ಆಗುವ ಒಂದು ದಾರಿ ಉಂಟು. ಮೀಟಿಂಗಿನ ಚಿತ್ರ ಲ್ಯಾಪ್‌ಟಾಪಿನಲ್ಲಿ, ಧ್ವನಿ ಫೋನಿನಲ್ಲಿ. ಗೂಗಲ್ ಮೀಟ್ ಆದರೆ ಫೋನಿನಲ್ಲಿ ಮಾಮೂಲಿಯಾಗಿ ಸೇರಿ, ಲ್ಯಾಪ್‌ಟಾಪಿನಲ್ಲಿ "ಕಂಪ್ಯಾನಿಯನ್ ಮೋಡ್" ಆರಿಸಿ. ಅದರಲ್ಲಿ ಮೈಕೂ ಇಲ್ಲ ಸ್ಪೀಕರೂ ಇಲ್ಲ. ಟೀಮ್ಸ್‌ನಲ್ಲಿ ಲ್ಯಾಪ್‌ಟಾಪಿನಿಂದ ಸೇರಿದ ಮೇಲೆ ಫೋನಿನಲ್ಲೂ ತೆರೆದರೆ "ಈ ಸಾಧನವನ್ನೂ ಸೇರಿಸಿ" ಎಂಬ ಅರ್ಥದ ಆಯ್ಕೆ ಕೇಳುತ್ತದೆ. ಝೂಮ್‌ನಲ್ಲಿ ಫೋನಿನಿಂದಲೂ ಸೇರಿ, ಲ್ಯಾಪ್‌ಟಾಪಿನ ಮೈಕು ಚಿಹ್ನೆಯ ಪಕ್ಕದ ಬಾಣದಿಂದ ಕಂಪ್ಯೂಟರ್ ಆಡಿಯೋ ಬಿಟ್ಟುಬಿಡಿ. ಬರೀ ಮ್ಯೂಟ್ ಮಾಡಿದರೆ ಸಾಲದು, ಸ್ಪೀಕರ್ ಕೂಗುತ್ತಲೇ ಇರುತ್ತದೆ, ಫೋನಿನ ಮೈಕು ಅದನ್ನು ಹಿಡಿದು ಎಲ್ಲರಿಗೂ ಪ್ರತಿಧ್ವನಿ.

ಆಶಾದಲ್ಲಿ ಮಾತು ಹೋಗುವುದು ಫೋನಿನ ಮೈಕಿನಿಂದ ಎಂದು ಮೇಲೆ ಬಂದಿದೆ. ಹಾಗಾಗಿ ಫೋನನ್ನು ಕಿಸೆಯಲ್ಲಿಡದೆ ಬಾಯಿಗೆ ಒಂದು ಮೊಳದೊಳಗೆ ಟೇಬಲ್ ಮೇಲಿಡಿ.

ಉಡುಪಿ_ರಾವ್ · #22

ಅಲೆಕ್ಸಾ ಡಬ್ಬಿಗೆ ಸೇರ್ತದಾ?

ವೈರ್_ಮ್ಯಾನ್ · #23

ಕ್ಲಾಸಿಕ್ ಆದರೆ ಸೇರ್ತದೆ. ಮಷೀನನ್ನು ಪೇರಿಂಗ್‌ಗೆ ಇಟ್ಟು "ಅಲೆಕ್ಸಾ, ಪೇರ್" ಅನ್ನಿ, ಅಥವಾ ಅದರ ಆ್ಯಪಿನಿಂದ ಮಾಡಿ. ಸೇರಿದ ಮೇಲೆ ಡಬ್ಬಿಯ ಸ್ಪೀಕರಿನಿಂದ ಸದ್ದು ಬರುವುದಿಲ್ಲ, ಮನೆಯವರಿಗೆ ಹೇಳಿಡಿ. ಆಶಾ, ಎಂಎಫ್‌ಐಗೆ ಆಗದು. 3.5 ಔಟ್ ಇರುವ ಮಾದರಿಯಾದರೆ ಅದೇ ಟಿವಿ ಸ್ಟ್ರೀಮರಿಗೆ ವೈರು ಎಳೆಯಬಹುದು.

ತುಮಕೂರು_ಸುಮಾ · #24

ಟಿವಿಯಲ್ಲಿ ಆಪ್ಟಿಕಲ್ ಇದೆ. ಸ್ಟ್ರೀಮರ್ ಆರ್ಡರ್ ಮಾಡ್ತೀನಿ, ಅಲ್ಲಿವರೆಗೆ ಮೀಟ್ ಕಂಪ್ಯಾನಿಯನ್. ಸ್ಟ್ರೀಮರ್ ಬಂದ ಮೇಲೆ ಫೋನ್ ಕಾಲ್ ನಿಂತುಹೋಗಲ್ಲ ತಾನೇ? ಸೆಲ್ ಬೇಗ ಖಾಲಿಯಾಗುತ್ತಾ?

ಕಿವಿಮಾತು · #25

ಸಾಮಾನ್ಯವಾಗಿ ಟಿವಿ ಕೇಳುತ್ತಿರುವಾಗ ಕಾಲ್ ಬಂದರೆ ಸ್ಟ್ರೀಮ್ ನಿಂತು ಕಾಲ್ ಬರುತ್ತದೆ, ಇಟ್ಟ ಮೇಲೆ ಟಿವಿ ವಾಪಸ್. ವಾಪಸ್ ಬರದಿದ್ದರೆ ಆ್ಯಪಿನಲ್ಲಿ ಟಿವಿ ಪ್ರೋಗ್ರಾಂ ಒತ್ತಬೇಕು.

ಸೆಲ್ ಬೇಗ ಇಳಿಯುವುದು ನಿಜ. 312 ಅಳತೆಯ ಸೆಲ್ ಆದರೆ ಅಂಟುಚೀಟಿ ಕಿತ್ತ ಮೇಲೆ ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಸ್ಟ್ರೀಮಿಂಗ್‌ಗೆ ಕರೆಂಟು ಹೆಚ್ಚು ಬೇಕು, ಅದಕ್ಕೇ ಸೆಲ್ ಮುಗಿಯುವ ಸೂಚನೆಯ ಬೀಪ್ ಮೊದಲು ಟಿವಿ ನೋಡುವಾಗಲೇ ಬರುತ್ತದೆ. ಸ್ಟ್ರೀಮ್ ನಿಲ್ಲಿಸಿದರೆ ಅದೇ ಸೆಲ್ ಇನ್ನೂ ಕೆಲವು ಗಂಟೆ ನಡೆಯಬಹುದು. ಲ್ಯಾಪ್‌ಟಾಪಿನಲ್ಲಿ ಈಗ "ಪೇರ್ಡ್" ಅಂತ ಇರುವ ನಮೂದನ್ನು ಅಳಿಸಿಬಿಡಿ. ಅದರಿಂದ ಧ್ವನಿ ಬರುವುದಿಲ್ಲ, ಆದರೆ ಲ್ಯಾಪ್‌ಟಾಪ್ ತೆರೆದಾಗಲೆಲ್ಲ ಮಷೀನನ್ನು ಹಿಡಿದುಕೊಂಡು ಫೋನಿನ ಸಂಪರ್ಕ ತಪ್ಪಿಸುತ್ತದೆ.